ಗುಡ್ಡದ ಬಂಗಲೆಯ ಗಾಜಿನ ಬೀರು

ಮೊದಲ ತುತ್ತು ಬಾಯಿಗಿಡುವ ಮುಂಚೆ ನನ್ನ ಎಡಗೈ ತಾನಾಗಿಯೇ ಎದೆಯ ಮೇಲೆ ಹೋಗುತ್ತದೆ. ಅಲ್ಲಿ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆ, ಅದರೊಳಗೆ ಗುರುಗಳು ಕೊಟ್ಟ ಇಷ್ಟಲಿಂಗ. ಮುಟ್ಟಿ, ಕಣ್ಣಿಗೊತ್ತಿಕೊಂಡು, ಆಮೇಲೆ ಉಣ್ಣುವುದು. ಇದನ್ನು ಭಕ್ತಿ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ. ಅಂಗಡಿಗೆ ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುತ್ತೇವಲ್ಲ, ಬಹಳ ವರ್ಷ ಅದು ಅಷ್ಟೇ ಆಗಿತ್ತು. ಎಳೆಯಲು ಹೋದ ಕೈಗೆ ಬೀಗವೇ ಸಿಗದಿದ್ದರೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಸಂಡೂರಿನ ಗುಡ್ಡದಲ್ಲಿ.

ಕಂಪ್ಲಿಯ ಬೆಲ್ಲದ ವ್ಯಾಪಾರಿಗೆ ಗುಡ್ಡ ಹತ್ತುವ ಉಸಾಬರಿ ಏಕೆ ಎನ್ನುತ್ತೀರಾ? ಆ ಗುಡ್ಡದ ಮೇಲೆ ಒಂದು ಸರ್ಕಾರಿ ಬಂಗಲೆಯಿದೆ, ಕಾಡು ನೋಡಲು ಬಂದವರಿಗೆಂದು ಅಲ್ಲೊಂದು ಗಾಜಿನ ಬೀರು ಇಟ್ಟಿದ್ದಾರೆ, ಬೀರುವಿನೊಳಗೆ ಹುಲಿಯಿದೆ ಎಂದು ನನ್ನ ಹೆಂಡತಿ ಬಸಮ್ಮನಿಗೆ ಯಾರೋ ಹೇಳಿದ್ದರು. ಮದರಾಸಿನ ದೊರೆಗಳು ಬಿಸಿಲಿಗೆ ಹೆದರಿ ಬಂದು ಇಳಿದುಕೊಳ್ಳುವ ಜಾಗವಂತೆ. ಹೊಸಪೇಟೆಯಿಂದ ಮೋಟಾರಿನಲ್ಲಿ ಸಂಡೂರಿಗೆ ಹೋಗಿ, ನೆಂಟರ ಮನೆಯಲ್ಲಿದ್ದು, ಬೆಳಗ್ಗೆ ಸ್ನಾನ ಪೂಜೆ ಮುಗಿಸಿ, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಟೆವು.

"ಶಿವದಾರ ಸವದೈತ್ರಿ, ಬದಲಾಯಿಸ್ರಿ," ಎಂದು ಬಸಮ್ಮ ಅಂದೂ ಹೇಳಿದಳು. ಯುಗಾದಿಯಿಂದ ಹೇಳುತ್ತಿದ್ದಳು. ನಾನು ಅಂದೂ ಒಂದು ಗಂಟು ಹಾಕಿ, "ನಾಳಿಗಿ" ಎಂದೆ.

ಬಂಗಲೆಯ ಕಾವಲುಗಾರ ದುರುಗಪ್ಪನಿಗೆ ಐವತ್ತರ ಹತ್ತಿರ ವಯಸ್ಸು. ಬೀರು ಅವನ ಪ್ರಾಣ. ಉಡಿದಾರದಲ್ಲಿದ್ದ ಕೀಲಿ ತೆಗೆದು, ಗಾಜು ಒರೆಸಿ, ಒಂದೊಂದೇ ತೋರಿಸಿದ: ಜಿಂಕೆಯ ಕೊಂಬು, ಚಿರತೆಯ ತಲೆಬುರುಡೆ, ಮುಳ್ಳುಹಂದಿಯ ಮುಳ್ಳು, ಕೆಂಪು ಕಲ್ಲು, ಕರಿ ಕಲ್ಲು. ಹುಲಿ ಎಂದರೆ ನುಸಿ ತಿಂದ ಒಂದು ತೊಗಲು. ಹಂಪಿಯ ಮಗ್ಗುಲಲ್ಲಿ ಹುಟ್ಟಿದವರ ಕಷ್ಟವೇ ಇದು ನೋಡಿ. ಆನೆಯ ಲಾಯಕ್ಕೇ ಅರಮನೆಯಂತೆ ಗುಮ್ಮಟ ಕಟ್ಟಿದವರ ಊರಿನ ಗಾಳಿ ಕುಡಿದ ನಮಗೆ ಯಾವುದೂ ಕಣ್ಣಿಗೆ ಹಿಡಿಸುವುದಿಲ್ಲ. ಆ ಗುಮ್ಮಟದಲ್ಲಿ ನಮ್ಮದು ಒಂದು ಇಟ್ಟಿಗೆಯೂ ಇಲ್ಲ, ಆದರೂ ಬಿಂಕ ಮಾತ್ರ ನಮ್ಮದು.

ದುರುಗಪ್ಪ ಗಿಡ್ಡ ಮೇಜಿನ ಮೇಲೆ ದಪ್ಪನೆಯ ಪುಸ್ತಕ ತೆರೆದಿಟ್ಟ. "ನೋಡಿದವರು ಬರೀಬೇಕ್ರಿ. ಮ್ಯಾಲಿನ ಸಾಹೇಬ್ರು ಬಂದ್ರ ಮೊದಲು ಇದನ್ನ ಓದ್ತಾರ."

ಹಸಿವಾಗಿತ್ತು. ಬಗ್ಗಿ ಬರೆದೆ: 'ಇಲ್ಲಿ ನೋಡತಕ್ಕದ್ದು ಏನೂ ಇಲ್ಲ.'

"ಏನು ಬರದ್ರಿ ಸಾವ್ಕಾರ್ರ? ನನಗ ಓದಾಕ ಬರಂಗಿಲ್ಲ."

"ಭಾಳ ಚೊಲೋ ಐತಿ ಅಂತ ಬರದೀನಿ," ಎಂದೆ. ಅವನು ಪುಸ್ತಕವನ್ನು ಕಣ್ಣಿಗೊತ್ತಿಕೊಂಡ. ಬಸಮ್ಮನಿಗೆ ಓದು ಬರುತ್ತದೆ. ಅವಳು ಪುಸ್ತಕದತ್ತ ಒಮ್ಮೆ ನೋಡಿ, ಬುತ್ತಿ ಎತ್ತಿಕೊಂಡು ಹೊರಗೆ ನಡೆದಳು.

ಅರ್ಧ ಗುಡ್ಡ ಇಳಿದು, ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ರೊಟ್ಟಿ ಮುರಿದೆ. ಎಡಗೈ ಎದೆಗೆ ಹೋಯಿತು. ಅಲ್ಲಿ ಅಂಗಿಯ ಗುಂಡಿ ಬಿಟ್ಟರೆ ಏನೂ ಇರಲಿಲ್ಲ.

ನಮ್ಮವರಲ್ಲಿ ಲಿಂಗ ಮೈಮೇಲಿಲ್ಲದೆ ನೀರೂ ಮುಟ್ಟುವಂತಿಲ್ಲ. ಸಿಗದೇ ಹೋದರೆ ಏನು ಎಂಬುದನ್ನು ಹಿರಿಯರು ಗಟ್ಟಿಯಾಗಿ ಹೇಳುವುದೂ ಇಲ್ಲ. ಶಿವನೇ, ಇಡೀ ಕಾಡಿನಲ್ಲಿ ಎಲ್ಲಿ ಹುಡುಕಲಿ?

"ನೀನು ಉಣ್ಣು," ಎಂದೆ.

"ನೀವು ಹಿಂಗ ಕುಂತಾಗ ನನಗ ಗಂಟಲಾಗ ಇಳೀತೈತೇನ್ರಿ? ಏಳ್ರಿ," ಎಂದು ಬಸಮ್ಮ ಬುತ್ತಿ ಕಟ್ಟಿದಳು. 'ನಾ ಹೇಳಿರಲಿಲ್ಲವಾ' ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಪೊದೆ, ಕಲ್ಲು, ತರಗೆಲೆ ಕೆದಕುತ್ತ, ಇಳಿದ ದಾರಿಯನ್ನೇ ಅಡಿ ಅಡಿಗೂ ಬಗ್ಗಿ ಹತ್ತಿದೆ. ಬೆಳಗ್ಗೆ ನೋಡತಕ್ಕದ್ದು ಏನೂ ಇಲ್ಲದಿದ್ದ ಗುಡ್ಡ ಅದು. ಈಗ ಅದರ ಒಂದೊಂದು ಹರಳನ್ನೂ ನೋಡಿದೆ.

ಬಂಗಲೆಯ ಜಗಲಿಯ ಮೇಲೆ ಕೊಂಬು, ಬುರುಡೆ, ಹುಲಿಯ ತೊಗಲು ಎಲ್ಲ ರಾಶಿ ಬಿದ್ದಿದ್ದವು. ದುರುಗಪ್ಪ ಒದ್ದೆ ತಲೆಯಲ್ಲಿ ನಿಂತಿದ್ದ.

"ಬರ್ರಿ, ಬರ್ರಿ. ಕಸಾ ಹೊಡಿಯಾಕ ಹೋದ್ರ ಮೇಜಿನ ಬುಡಕ ಐತ್ರಿ! ಎದಿ ಝಲ್ ಅಂತು. ಜಳಕ ಮಾಡಿ, ಒಗದ ವಸ್ತ್ರದಾಗ ಎತ್ತೀನ್ರಿ."

ಬೀರು ಪೂರ್ತಿ ಖಾಲಿ. ಹಲಗೆಗಳನ್ನು ನೀರು ಹಾಕಿ ತೊಳೆದಿದ್ದ. ಮೇಲಿನ ಹಲಗೆಯ ನಡುವೆ, ಬಿಳಿ ವಸ್ತ್ರದ ಮೇಲೆ, ಎರಡು ಬಿಲ್ವಪತ್ರೆಯ ಪಕ್ಕದಲ್ಲಿ ನನ್ನ ಕರಡಿಗೆ. ಎತ್ತಿ ಎದೆಗೆ ಒತ್ತಿಕೊಂಡೆ. ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎರಡು ಮಕ್ಕಳ ತಂದೆ ನಾನು, ಬಿಕ್ಕಿ ಬಿಕ್ಕಿ ಅತ್ತೆ.

"ಎಲುಬು, ತೊಗಲು ಇದ್ದ ಜಾಗದಾಗ ಹೆಂಗ ಇಡಲ್ರಿ? ಎಲ್ಲಾ ಹೊರಗ ಹಾಕಿದ್ನಿ," ಎಂದ ದುರುಗಪ್ಪ. "ನಡುವ ಯಾರೋ ದೊಡ್ಡವರು ಬಂದು ಬೀರು ತಗಿ ಅಂದ್ರು. ಇವತ್ತು ಆಗಂಗಿಲ್ಲ ಅಂದ್ನಿ. ಸಿಟ್ಟಾಗಿ, ದೂರು ಬರಿಯಾಕ ಪುಸ್ತಕ ತಗದ್ರು. ನನ್ನ ನೌಕರಿ ಹೋತು ಅನ್ಕೊಂಡ್ನಿ. ಆದ್ರ ನೀವು ಬರದಿದ್ದು ಓದಿ ನಕ್ಕು, ಏನೂ ಬರೀದ ಹೋಗಿಬಿಟ್ರು. ಅದೇನು ಬರದಿದ್ರಿ ಸಾವ್ಕಾರ್ರ? ನನ್ನ ಉಳಿಸಿಬಿಟ್ರಿ!"

ಆಗ ಬಸಮ್ಮ ಬಾಯಿ ತೆರೆದಳು. "ಓದ್ರಿ. ಜೋರಾಗಿ ಓದ್ರಿ, ಅಂವನೂ ಕೇಳ್ಲಿ."

ಓದಿದೆ. ಕಿವಿ ಬಿಸಿಯಾಗಿ, ತಲೆ ತಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ದುರುಗಪ್ಪ ಜಗಲಿಯತ್ತ ನೋಡಿ ನಕ್ಕುಬಿಟ್ಟ.

"ಖರೇನ ಐತಲ್ರಿ. ಆ ಹುಲಿ ನುಸಿ ಹಿಡದು ಹೋಗೇತಿ. ಸಾಹೇಬ್ರಿಗೆ ಹೇಳೋರು ಯಾರು ಅಂತಿದ್ನಿ, ನೀವು ಹೇಳಿದ್ರಿ."

ಅವನ ನಗುವಿನಿಂದ ನನ್ನ ಎದೆಯ ಮೇಲಿನ ಎರಡನೆಯ ಕಲ್ಲೂ ಇಳಿಯಿತು. ಲೇಖನಿ ತೆಗೆದುಕೊಂಡು ಅದರ ಕೆಳಗೇ ಬರೆದೆ: 'ಮೇಲಿನದನ್ನು ಬರೆದವನು ಸರಿಯಾಗಿ ನೋಡಿರಲಿಲ್ಲ. ಇಲ್ಲಿ ದುರುಗಪ್ಪ ಇದ್ದಾನೆ.' ಅದನ್ನೂ ಓದಿ ಹೇಳಿದೆ. ಮೂವರೂ ಜಗಲಿಯಲ್ಲಿ, ಹುಲಿಯಿಂದ ಒಂದು ಮಾರು ದೂರ ಕುಳಿತು ರೊಟ್ಟಿ ಉಂಡೆವು. ಹೊಸ ಶಿವದಾರ ಬಸಮ್ಮನ ಚೀಲದಲ್ಲೇ ಇತ್ತು, ಯುಗಾದಿಯಿಂದಲೂ.

ಈಗಲೂ ಎಲ್ಲಾದರೂ ಹೋದರೆ ಅಭಿಪ್ರಾಯದ ಪುಸ್ತಕ ಮುಂದೆ ಬರುತ್ತದೆ. ಉಣ್ಣದೆ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಉಣ್ಣುವ ಮುಂಚೆ ಎಡಗೈ ಎದೆಗೆ ಹೋಗುತ್ತದೆ; ಹೋದಾಗಲೆಲ್ಲ, ಶಿವನ ಜೊತೆ ದುರುಗಪ್ಪನೂ ನೆನಪಾಗುತ್ತಾನೆ.