ಐಚ್ಛಿಕಕ್ಕೆ ಎತ್ತಿದ ಕೈಗಳು

ನಾನು ಆಪ್ಟೊಮೆಟ್ರಿ ಓದಿದ ಕಾಲೇಜು ಗದಗದಲ್ಲಿದೆ. ಕಣ್ಣಿನ ದೃಷ್ಟಿಯನ್ನು ಅಳೆದು, ಕನ್ನಡಕ ಬರೆದುಕೊಟ್ಟು, ಕನ್ನಡಕದಿಂದ ಸರಿಹೋಗದವರಿಗೆ ಬೇರೆ ದಾರಿ ತೋರಿಸಲು ಅಲ್ಲಿ ಕಲಿಸುತ್ತಾರೆ. ಮೂರನೆಯ ವರ್ಷದವರು ಒಂದು ಐಚ್ಛಿಕ ವಿಷಯವನ್ನು ಆರಿಸಿಕೊಳ್ಳಬೇಕು. ಕಾಂಟ್ಯಾಕ್ಟ್ ಲೆನ್ಸ್, ಮಕ್ಕಳ ದೃಷ್ಟಿ, ಕನ್ನಡಕದಂಗಡಿಯ ನಿರ್ವಹಣೆ, ಮಂದದೃಷ್ಟಿಯವರ ಪುನಶ್ಚೇತನ ಎಂದು ಕಾಲೇಜಿನ ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಕೊನೆಯ ವಿಷಯಕ್ಕಾಗಿಯೇ ಆ ಕಾಲೇಜು ಸೇರಿದೆ ಎಂದರೆ ಸುಳ್ಳಾದೀತು. ಸೇರುವಾಗ ಅದರ ಅರ್ಥವೂ ನನಗೆ ಗೊತ್ತಿರಲಿಲ್ಲ. ಅದು ತಿಳಿದದ್ದು ಅಕ್ಕನಿಂದ.

ಅಕ್ಕ ಮುಂಡರಗಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಅತಿಥಿ ಶಿಕ್ಷಕಿಯಾಗಿದ್ದಳು. ಬೆಟಗೇರಿಯ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಒಬ್ಬಳೇ ಹೋಗಿಬರುತ್ತಿದ್ದಳು. ಎದುರಾದವರನ್ನು ಮಾತನಾಡಿಸುವುದಿಲ್ಲವೆಂದು ಓಣಿಯಲ್ಲಿ ಅವಳಿಗೆ ಸೊಕ್ಕಿನವಳೆಂಬ ಹೆಸರಿತ್ತು. ಅಂಗಳದ ಕೊಡ ಎಡವುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. "ಕಣ್ಣು ನೆತ್ತಿ ಮ್ಯಾಲ ಇಟ್ಕೊಂಡು ಅಡ್ಡಾಡ್ತಾಳ" ಎಂದು ಅವ್ವ ಬೈಯುತ್ತಿದ್ದಳು. ಹಾಗೆ ಬೈದು ಬೈದು ಸಾಕಾಗಿ ಒಮ್ಮೆ ಶಿರಹಟ್ಟಿಯಲ್ಲಿ ನಡೆದ ನೇತ್ರ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದಳು. ಅಕ್ಕ ಗೋಡೆಯ ಫಲಕದ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ತಡವರಿಸದೆ ಓದಿದಳು. "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೊಲೊ ಅದಾವ್ರಿ. ಮುಂದಿನವರು ಬರ್ರಿ" ಎಂದರು ಪರೀಕ್ಷಿಸಿದವರು. ಅಂದಿನಿಂದ ಅಕ್ಕ ಎಡವಿದಾಗಲೆಲ್ಲ ಅದು ಅವಳ ಅಲಕ್ಷ್ಯವೇ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಎರಡನೆಯ ವರ್ಷದಲ್ಲಿ ನಮಗೆ ಒಂದು ಸರಳ ಪರೀಕ್ಷೆಯನ್ನು ಹೇಳಿಕೊಟ್ಟರು. ಇಬ್ಬರು ಎದುರುಬದುರು ಕುಳಿತು, ಒಂದು ಕಣ್ಣು ಮುಚ್ಚಿ, ಪರಸ್ಪರರ ಮೂಗನ್ನೇ ನೋಡುತ್ತಿರಬೇಕು. ಪರೀಕ್ಷಿಸುವವರು ಬದಿಯಿಂದ ಬೆರಳಾಡಿಸುತ್ತ ಒಳಕ್ಕೆ ತರಬೇಕು. ಕಂಡೊಡನೆ ಎದುರಿನವರು ಹೇಳಬೇಕು. ಮನೆಯಲ್ಲಿ ಅಭ್ಯಾಸ ಮಾಡಿ ಬನ್ನಿ ಎಂದಿದ್ದರು. ಅಕ್ಕನನ್ನು ಕೂರಿಸಿಕೊಂಡೆ.

"ಬಟ್ಟು ಯಾವಾಗ ತರ್ತಿ?" ಎಂದಳು.

"ತಂದೀನಲ್ಲ."

"ಸುಳ್ಳು ಹೇಳಬ್ಯಾಡವಾ. ಪರೀಕ್ಷಾದಾಗೂ ಹಿಂಗ ಮಾಡ್ತಿಯೇನು?"

ನನ್ನ ಬೆರಳು ಅವಳ ಕಿವಿಯ ನೇರ ದಾಟಿತು, ಕೆನ್ನೆಯ ನೇರ ದಾಟಿತು. ಅದು ನನ್ನ ಮೂಗನ್ನು ಮುಟ್ಟುವಷ್ಟು ಹತ್ತಿರ ಬಂದ ಮೇಲೆ "ಹಾಂ, ಈಗ ಬಂತು ನೋಡು" ಎಂದಳು. ಇನ್ನೊಂದು ಬದಿಯಿಂದಲೂ, ಮೇಲಿನಿಂದಲೂ, ಕೆಳಗಿನಿಂದಲೂ ಹಾಗೆಯೇ ಆಯಿತು. ನಾನು ಕೈ ಇಳಿಸಿದೆ. ಅಳು ಬರಲಿಲ್ಲ. ಪಾಠ ಸರಿಯಾಗಿ ಅರ್ಥವಾಗಿದೆ ಎಂಬುದಷ್ಟೇ ಹೊಳೆಯಿತು.

ಅಕ್ಕನನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿನ ಕಣ್ಣಿನ ವೈದ್ಯರು ಅದನ್ನೇ ಯಂತ್ರದಿಂದ ನೋಡಿ ಹೇಳಿದರು. ಅಕ್ಕನ ಕಣ್ಣಿನ ಒಳಪರದೆಯಾದ ಅಕ್ಷಿಪಟಲ ಅಂಚಿನಿಂದ ಸಾಯುತ್ತ ಬಂದಿತ್ತು; ನಡುವೆ ಒಂದಿಷ್ಟು ಉಳಿದಿತ್ತು. ಕೊಳವೆಯೊಳಗಿಂದ ನೋಡಿದಂತೆ ನೇರ ಎದುರಿನದೆಲ್ಲ ಸ್ಪಷ್ಟ, ಪಕ್ಕದ್ದು ಇಲ್ಲವೇ ಇಲ್ಲ. ಬೆಳಕು ಇಳಿದರೆ ಆ ಎದುರಿನದೂ ಇಲ್ಲ. ಔಷಧವಿಲ್ಲ ಎಂದರು. ಆದರೆ ಇಂಥವರು ಒಬ್ಬರೇ ಓಡಾಡುವುದನ್ನು ಕಲಿಯಬಹುದು. ತಲೆ ಹೇಗೆ ತಿರುಗಿಸಬೇಕು, ಕೋಲು ಹೇಗೆ ಬಳಸಬೇಕು, ಜನಜಂಗುಳಿಯಲ್ಲಿ ಇನ್ನೊಬ್ಬರ ಜೊತೆ ಹೇಗೆ ನಡೆಯಬೇಕು ಎಂಬುದಕ್ಕೆಲ್ಲ ತರಬೇತಿಯುಂಟು ಎಂದರು.

"ಗದಗಿನಾಗ ಅದನ್ನ ಯಾರು ಕಲಿಸ್ತಾರ್ರಿ?" ಎಂದು ಅಕ್ಕ ಕೇಳಿದಳು.

ವೈದ್ಯರು ನನ್ನ ಕಡೆ ನೋಡಿದರು. "ಈಕಿ ಅದನ್ನ ಓದಾಕತ್ತಾಳಲ್ಲ? ಇವರ ಸಿಲೆಬಸ್ಸಿನಾಗ ಐತಿ."

ಬಸ್ಸಿನಲ್ಲಿ ಮರಳುವಾಗ ಅಕ್ಕ, "ಜಲ್ದಿ ಕಲಿಯವಾ, ಟೀಚರ್. ನಿನ್ನ ಮೊದಲನೇ ಸ್ಟುಡೆಂಟ್ ನಾನ" ಎಂದಳು.

ಮೂರನೆಯ ವರ್ಷ ಬಂತು. ಸಾಕಷ್ಟು ವಿದ್ಯಾರ್ಥಿಗಳು ಆರಿಸಿಕೊಂಡರೆ ಮಾತ್ರ ಆ ಐಚ್ಛಿಕದ ತರಗತಿ ನಡೆಯುತ್ತದೆ ಎಂಬುದು ನಮ್ಮ ಕಾಲೇಜಿನ ನಿಯಮ. ನಾನು ಸಹಪಾಠಿಗಳನ್ನು ಒಬ್ಬೊಬ್ಬರಾಗಿ ಕಂಡು ಕೇಳಿಕೊಂಡೆ. ಲಕ್ಷ್ಮೇಶ್ವರದಿಂದ ಬರುತ್ತಿದ್ದ ಗೆಳತಿ ಮೊದಲು ಒಪ್ಪಿದಳು. ಅವಳ ತಂದೆಗೆ ಅಲ್ಲಿ ಗಡಿಯಾರದ ಅಂಗಡಿಯಿತ್ತು. ಅವಳ ಮಾತಿನ ಮೇಲೆ ಉಳಿದವರೂ ಒಪ್ಪಿದರು. ಸಾಕಾಗುವಷ್ಟು ಜನರಾದರು.

ಆಯ್ಕೆ ನಡೆಯುತ್ತಿದ್ದದ್ದು ಕೈ ಎತ್ತುವುದರಿಂದ. ಐಚ್ಛಿಕಗಳ ಉಸ್ತುವಾರಿ ಹೊತ್ತಿದ್ದ ಅಧ್ಯಾಪಕರು ತರಗತಿಗೆ ಬಂದು ವೇದಿಕೆಯ ಮೇಲೆ ನಿಲ್ಲುತ್ತಿದ್ದರು. ಮುಂದಿನ ವರ್ಷ ಯಾರನ್ನು ಯಾವ ಊರಿಗೆ ಇಂಟರ್ನ್‌ಶಿಪ್ಪಿಗೆ ಕಳಿಸಬೇಕೆಂದು ನಿರ್ಧರಿಸುವವರೂ ಅವರೇ. ಪುಸ್ತಿಕೆಯಲ್ಲಿ ಮೂರನೆಯದಾಗಿದ್ದ ವಿಷಯವನ್ನು ಅವರು ಮೊದಲು ಕೇಳಿದರು.

"ಕನ್ನಡಕದಂಗಡಿ ಯಾರ್ಯಾರಿಗೆ? ನೋಡ್ರಿಪಾ, ಹೊಟ್ಟಿಗೆ ಹಾಕೂದು ಇದ ಐತಿ."

ಮುಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಅದನ್ನು ನೋಡಿ ಪಕ್ಕದ್ದು, ಅದನ್ನು ನೋಡಿ ಹಿಂದಿನದು. ಗೆಳತಿ ನನ್ನ ಪಕ್ಕದಲ್ಲಿದ್ದಳು. ಅವಳ ಕೈ ಮೊಣಕೈವರೆಗೆ ಮಾತ್ರ ಎದ್ದು, ತಲೆಗೂದಲು ಸರಿಮಾಡಿಕೊಳ್ಳುವವಳ ಹಾಗೆ ನಿಂತಿತು. ಅಧ್ಯಾಪಕರು ಅದನ್ನೂ ಎಣಿಸಿಕೊಂಡರು. ಉಳಿದ ವಿಷಯಗಳನ್ನು ಅವರು ಕೇಳಲಿಲ್ಲ. ನಾನು ಎದ್ದು ನಿಂತು ಮಂದದೃಷ್ಟಿಯ ಹೆಸರು ಹೇಳಿದೆ.

"ಒಬ್ಬಾಕಿಗೆ ಕ್ಲಾಸ್ ನಡಸಾಕ ಬರಂಗಿಲ್ಲವಾ."

"ಆ ವಿಷಯಕ್ಕ ಕಲಿಸೋರು ಅದಾರೇನ್ರಿ ಸರ್?"

"ಹುಡುಗರು ಇದ್ರ ಕರಸ್ತಿದ್ವಿ."

"ಕಲಿಸೋರಿಲ್ಲಂತ ಹುಡುಗರು ತಗೊಳ್ಳವಲ್ಲರ್ರಿ."

"ಬರೋಬ್ಬರಿ ಐತಿ" ಎಂದು ಅವರು ನಕ್ಕರು. ತರಗತಿಯೂ ನಕ್ಕಿತು. ಅದು ಕೆಟ್ಟ ನಗುವಾಗಿರಲಿಲ್ಲ.

ಗೆಳತಿ ಹೊರಗೆ ಬಂದ ಮೇಲೆ ಹೇಳಿದಳು: "ನನ್ನನ್ನ ದೂರದ ಊರಿಗೆ ಒಗದ್ರ ನಮ್ಮ ಅಬ್ಬಾ ಕಾಲೇಜು ಬಿಡಸ್ತಾನ. ನೀ ಸಿಟ್ಟಾಗು, ಬೇಕಾದ್ರ ಬೈಯ್ಯಿ." ನನಗೆ ಸಿಟ್ಟಾಗಲು ಆಗಲಿಲ್ಲ. ಅವಳು ತಂದಿದ್ದ ರೊಟ್ಟಿಯನ್ನು ಎಂದಿನಂತೆ ಇಬ್ಬರೂ ಹಂಚಿಕೊಂಡು ತಿಂದೆವು.

ಆ ತರಗತಿ ನಡೆಸಬೇಕೆಂದು ನಾನು ಕಾಲೇಜಿಗೆ ಲಿಖಿತವಾಗಿ ಕೇಳಿದೆ, ಉತ್ತರ ಬರಲಿಲ್ಲ. ಆಗ ಅಕ್ಕ ತಾನೇ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಕಾಲೇಜಿಗೆ ಬಂದಳು. ಅಧ್ಯಾಪಕರು ಸೌಜನ್ಯದಿಂದಲೇ "ಕುಂಡ್ರಿ ಟೀಚರ್" ಎಂದರು. ಎಲ್ಲವನ್ನೂ ಕೇಳಿಸಿಕೊಂಡು, ತಮ್ಮ ಕೋಣೆಯ ಗೋಡೆಯಲ್ಲಿದ್ದ ಫಲಕವನ್ನು ತೋರಿಸಿ, ಓದಿ ಎಂದರು. ಕಣ್ಣಿನ ವಿದ್ಯೆ ಕಲಿತವರ ಕೈ ಮೊದಲು ಹೋಗುವುದು ಆ ಫಲಕದತ್ತಲೇ. ಅಕ್ಕ ಕೊನೆಯ ಸಾಲನ್ನೂ ಓದಿದಳು.

"ನೋಡ್ರಿ ಮತ್ತ" ಎಂದು ಅವರು ಸಮಾಧಾನಗೊಂಡರು.

ಅಷ್ಟರಲ್ಲಿ ಕಚೇರಿಯ ಸಹಾಯಕರು ಚಹಾ ತಂದು ಅಕ್ಕನ ಬಲಬದಿಯಲ್ಲಿ ಹಿಡಿದು ನಿಂತರು. ಅಕ್ಕ ಅಧ್ಯಾಪಕರ ಮುಖ ನೋಡುತ್ತ ಮಾತನಾಡುತ್ತಲೇ ಇದ್ದಳು. ಸಹಾಯಕರು ನಿಂತೇ ಇದ್ದರು. "ತಗೋರಿ ಮೇಡಂ" ಎಂದಾಗ ಅವಳು ತಟ್ಟನೆ ತಿರುಗಿದಳು; ಕೈ ಬಟ್ಟಲಿಗೆ ಬಡಿಯಿತು. ಚಹಾ ಮೇಜಿನ ಮೇಲೆ ಹರಿಯಿತು.

"ಇರ್ಲಿ ಬಿಡ್ರಿ, ಗಡಿಬಿಡಿ ಆತು" ಎಂದರು ಅಧ್ಯಾಪಕರು.

"ಗಡಿಬಿಡಿ ಅಲ್ರಿ ಸರ್. ಇದನ್ನ ಹೇಳಾಕ ಬಂದಿದ್ದೆ" ಎಂದಳು ಅಕ್ಕ.

ಅವರು ಮೇಜು ಒರೆಸಿಕೊಂಡು, ಮುಂದಿನ ಬ್ಯಾಚಿಗೆ ನೋಡೋಣ ಎಂದರು.

ಆ ವರ್ಷ ನಾನು ಅಂಗಡಿಯ ನಿರ್ವಹಣೆಯನ್ನು ಕಲಿತೆ. ಕನ್ನಡಿಯನ್ನು ಕಿಟಕಿಗೆ ಬೆನ್ನಾಗಿ ಇಡಬಾರದು. ಗಿರಾಕಿಯ ಮುಂದೆ ಒಮ್ಮೆಲೆ ಬಹಳ ಚೌಕಟ್ಟುಗಳನ್ನು ಹರಡಬಾರದು. ಅವರು ದುಬಾರಿಯೆಂದಾಗ ತಕ್ಷಣ ಮಾತನಾಡಬಾರದು. ಈ ಪಾಠಗಳು ನಿರುಪಯುಕ್ತವೆಂದು ನಾನು ಹೇಳುವುದಿಲ್ಲ. ನನಗೆ ಒಳ್ಳೆಯ ಅಂಕಗಳೂ ಬಂದವು. ಆದರೆ ಆಯ್ಕೆಯೆಂಬ ಪದವನ್ನು ಅಚ್ಚುಹಾಕಿ ಶುಲ್ಕ ಪಡೆದ ಸಂಸ್ಥೆ, ಆ ಪದಕ್ಕೆ ಒಬ್ಬ ಅಧ್ಯಾಪಕರನ್ನೂ ನೇಮಿಸದಿದ್ದದ್ದಕ್ಕೆ ಯಾರು ಹೊಣೆ? ತಪಾಸಣೆಗೆ ಬಂದು ನಾಲ್ಕು ವಿಷಯಗಳಿಗೂ ಒಪ್ಪಿಗೆಯ ಸಹಿ ಹಾಕಿದವರು ಯಾವ ತರಗತಿಯಲ್ಲಿ ಕುಳಿತು ನೋಡಿದ್ದರು? ಕೈ ಎತ್ತಿದ ವಿದ್ಯಾರ್ಥಿಗಳನ್ನು ಇದಕ್ಕೆ ಹೊಣೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಬೇರೆ ವಿಷಯಕ್ಕೆ ಕೈ ಎತ್ತುವ ದಾರಿಯನ್ನು ಅವರಿಗೆ ಯಾರೂ ಬಿಟ್ಟಿರಲಿಲ್ಲ. ಈ ಪ್ರಶ್ನೆಗಳನ್ನು ನಾನು ಕೇಳಬೇಕಾದಲ್ಲೆಲ್ಲ ಕೇಳಿದ್ದೇನೆ. ಇಲ್ಲಿಯೂ ಕೇಳುತ್ತಿದ್ದೇನೆ.

ನಾನು ಇಂಟರ್ನ್‌ಶಿಪ್ಪಿನಲ್ಲಿದ್ದ ಚಳಿಗಾಲದಲ್ಲಿ ಅಕ್ಕನ ಶಾಲೆ ಹತ್ತನೆಯ ತರಗತಿಗೆ ಸಂಜೆಯ ವಿಶೇಷ ಪಾಠಗಳನ್ನು ಆರಂಭಿಸಿತು. ಗಣಿತವಿಲ್ಲದೆ ವಿಶೇಷ ಪಾಠವಿಲ್ಲ, ಮುಗಿಯುವಾಗ ಕತ್ತಲಾಗುತ್ತಿತ್ತು. ಸಹೋದ್ಯೋಗಿಯೊಬ್ಬರು ಅವಳನ್ನು ಬಸ್ಸಿಗೆ ಹತ್ತಿಸುತ್ತಿದ್ದರು. ಅವರಿಗೆ ವರ್ಗವಾಯಿತು. ಬಳಿಕ ಒಂದು ಸಂಜೆ ಮುಂಡರಗಿಯ ನಿಲ್ದಾಣದಲ್ಲಿ ಅಕ್ಕ ಹಿಮ್ಮುಖವಾಗಿ ಬರುತ್ತಿದ್ದ ಬಸ್ಸಿನ ಬದಿಗೆ ನಡೆದು ಡಿಕ್ಕಿ ಹೊಡೆದಳು. ಪೆಟ್ಟು ದೊಡ್ಡದಲ್ಲ. "ಕುಡದೀಯೇನವಾ?" ಎಂದು ಕಂಡಕ್ಟರು ಕೇಳಿದನಂತೆ.

"ಇಷ್ಟ ದಿನ ಸೊಕ್ಕಿನಾಕಿ ಇದ್ದೆ. ಈಗ ಕುಡುಕಿನೂ ಆದೆ" ಎಂದು ನಮಗೆ ಹೇಳಿದಳು. ಅವ್ವ ನಗಲಿಲ್ಲ. ಅಕ್ಕ ತಿಂಗಳು ಮುಗಿಯುವವರೆಗೆ ಕಲಿಸಿ ಕೆಲಸ ಬಿಟ್ಟಳು.

ಕೊನೆಯ ದಿನ ಕತ್ತಲಾದ ಮೇಲೆ ಗದಗದ ನಿಲ್ದಾಣಕ್ಕೆ ನಾನು ಹೋಗಿದ್ದೆ. ಅಕ್ಕ ಬಸ್ಸಿನ ಮೆಟ್ಟಿಲುಗಳನ್ನು ಪಾದದಿಂದ ತಡವುತ್ತ ಇಳಿದಳು. ಮಕ್ಕಳು ಕೊಟ್ಟ ಹೂವಿನ ಹಾರವೊಂದು ಚೀಲದಿಂದ ಹೊರಗೆ ಇಣುಕುತ್ತಿತ್ತು. "ಕೈ ಕೊಡು" ಎಂದಳು. ಅವಳು ಅದನ್ನು ಕೇಳಿದ್ದು ಅದೇ ಮೊದಲು.

ನಾನು ಅವಳ ಮಣಿಕಟ್ಟು ಹಿಡಿದು ಮುಂದೆ ನಡೆದೆ. ಅವಳು ಮುಗ್ಗರಿಸಿದಳು. ಬಿಟ್ಟು, ಹಿಂದಿನಿಂದ ಬೆನ್ನಿಗೆ ಕೈ ಇಟ್ಟೆ. ಅವಳು ತಟಕ್ಕನೆ ನಿಂತುಬಿಟ್ಟಳು.

"ದಬ್ಬಬ್ಯಾಡ. ನೀ ನನ್ನ ಹಿಡೀಬೇಕೋ, ನಾ ನಿನ್ನ ಹಿಡೀಬೇಕೋ?"

"ಗೊತ್ತಿಲ್ಲಕ್ಕಾ" ಎಂದೆ.

ಬಸ್ಸುಗಳು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದವು. ಅಕ್ಕ ನನ್ನ ತೋಳನ್ನು ತಡಕಿದಳು. ಮೊದಲು ಹೆಗಲು, ಆಮೇಲೆ ಮೊಣಕೈ. ಇಬ್ಬರೂ ಅಲ್ಲೇ ನಿಂತು ಹಿಡಿಯುವ ಒಂದೊಂದೇ ಬಗೆಯನ್ನು ಪ್ರಯತ್ನಿಸಿದೆವು.