ಇಲ್ಲಿ ಅಜ್ಜಿ ಒಬ್ಬಾಕೀನ

ನಮ್ಮ ರಾಯಬಾಗದ ಪರಸು ಮಾಸ್ತರರು ಹಾಡು ಕಟ್ಟುತ್ತಿದ್ದರು. ತಾವು ಮಾತ್ರ ಎಂದೂ ಹಾಡಲಿಲ್ಲ. ಜನಕ್ಕೆ ಬೆನ್ನು ಮಾಡಿ, ಹಾಡುವವರ ಮುಂದೆ ನಿಂತು ಎರಡೂ ಕೈ ಬೀಸುತ್ತಿದ್ದರು. "ಹಕ್ಕಿ ಹೊಡ್ಯಾಕತ್ತೀರೇನ್ರಿ ಮಾಸ್ತರ?" ಎಂದು ಯಾರಾದರೂ ಕೆಣಕಿದರೆ, "ಹೌದ್ರಿ, ಬೆಳಿ ಭಾಳ ಚಲೋ ಬಂದೈತಿ" ಎನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಮೊದಲ ಮೊಮ್ಮಗಳು ಹುಟ್ಟಿದಳು. ಸಂತೋಷಕ್ಕೆ ಬಾಯಿ ನಿಲ್ಲಲೊಲ್ಲದು. ಕಲಿತದ್ದು ಮೂರನೆಯ ಇಯತ್ತೆ, ದನಿಯೋ ಎಮ್ಮೆಯದು. ಆದರೂ ಮಾಸ್ತರರ ಹೆಂಗಸರ ಮೇಳಕ್ಕೆ ಹೋಗಿ ಕೂತೆ. "ಅಜ್ಜಿ ಆಗೀರಿ, ಹಾಡ್ರಿ. ಆದ್ರ ಮಗ್ಗಲದಾಕೀ ದನೀನೂ ಕೇಳಬೇಕ ನೋಡ್ರಿ" ಎಂದರು. ಎರಡನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

ತಾಳದಲ್ಲಿ ಪೆಟ್ಟಿಲ್ಲದ ಜಾಗಕ್ಕೆ ಖಾಲಿ ಎನ್ನುತ್ತಾರೆ. ಹಾಡು ಮಾತ್ರ ನಿಲ್ಲಬಾರದು. ನಮಗೇನು ಗೊತ್ತು? ಅಭ್ಯಾಸದಲ್ಲಿ ಮಾಸ್ತರರು "ಖಾಲಿ!" ಎಂದ ಕೂಡಲೇ ನಾವು ಕನ್ನಡದವರು ಬಾಯಿ ಖಾಲಿ ಮಾಡಿದೆವು. ಮೇಳದಲ್ಲಿ ನಿಪ್ಪಾಣಿ ಕಡೆಯಿಂದ ಸೊಸೆಯರಾಗಿ ಬಂದಿದ್ದ ಮರಾಠಿ ಹೆಂಗಸರೂ ಇದ್ದರು, ಅವರು ದನಿ ಕೆಳಗಿಳಿಸಿದರು.

"ಖಾಲಿ ಅಂದ್ರಲ್ಲಬೇ, ಸುಮ್ಕಾಗ!" ಎಂದು ಪಕ್ಕದ ಸುಮನಬಾಯಿಯನ್ನು ತಿವಿದೆ.

"ನಮ್ಮ ಮರಾಠ್ಯಾಗ ಖಾಲಿ ಅಂದ್ರ ಕೆಳಗ, ಅಜ್ಜಿ! ನೀವ್ಯಾಕ ಮಾತ ಬಿದ್ದವರಂಗ ನಿಂತೀರಿ?"

ಮಾಸ್ತರರು ತಲೆ ಹಿಡಿದು ಕುಳಿತರು. ಆಮೇಲೆ ತಟ್ಟನೆ ಎದ್ದು, "ಏ, ಚಂದ ಆತಲ್ರಿ! ಹಿಂಗ ಇರ್ಲಿ" ಎಂದು ವಹಿಯಲ್ಲಿ ಹಾಗೆಯೇ ಬರೆದುಕೊಂಡರು.

ಚಿಕ್ಕೋಡಿಯಲ್ಲಿ ಆ ಹಾಡನ್ನು ಮೊದಲ ಸಲ ಜನರ ಮುಂದೆ ಹಾಡುವುದಿತ್ತು. ಇದು ಹಾಡಲ್ಲ, ಗದ್ದಲ ಎಂದು ಆಡಿಕೊಂಡವರೆಲ್ಲ ಮುಂದಿನ ಸಾಲಿನಲ್ಲಿ. ಮಾಸ್ತರರ ಮಾನ ನಮ್ಮ ಗಂಟಲಲ್ಲಿತ್ತು. ಖಾಲಿ ಬಂತು. ನಮ್ಮವರು ಸುಮ್ಮನಾದರು. ಅಷ್ಟರಲ್ಲಿ ಸೊಸೆಯ ಸೊಂಟದ ಮೇಲಿದ್ದ ಮೊಮ್ಮಗಳು ನನ್ನತ್ತ ಕೈ ಆಡಿಸಿದಳು. ಎಲ್ಲ ಮರೆತು, ನಾನೊಬ್ಬಳೇ ಗಟ್ಟಿಯಾಗಿ ಹಾಡಿಬಿಟ್ಟೆ! ಸುಮನಬಾಯಿ ಕಾಲು ತುಳಿದಳು. ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅದೇ ಕೈಯಿಂದ ನನ್ನನ್ನು ಕರೆದರು: ಬಾ, ಇನ್ನೂ ಬಾ. ಹಾಡಿನ ಸಾಲು ಮುಗಿಸಿದೆ. ಮುಂದಿನ ಸಾಲಿನವರೇ ಮೊದಲು ಚಪ್ಪಾಳೆ ಹೊಡೆದರು.

"ಮೇಳದಾಗಿಂದ ನನ್ನ ತಗದ ಹಾಕ್ರಿ, ಮಾಸ್ತರ" ಎಂದು ಅತ್ತುಬಿಟ್ಟೆ.

"ಹೆಂಗ ತಗೀಲವ್ವಾ? ವಹ್ಯಾಗ ಬರದೇನಿ: ಇಲ್ಲಿ ಅಜ್ಜಿ ಒಬ್ಬಾಕೀನ."

ಮರುವರ್ಷ ಅವರಿಗೆ ಅಥಣಿಗೆ ವರ್ಗವಾಯಿತು. ಅಲ್ಲೂ, ಆಮೇಲೆ ಕಾಗವಾಡದಲ್ಲೂ, ಹೋದಲ್ಲೆಲ್ಲ ಮೇಳ ಕಟ್ಟಿದರಂತೆ. ಮತ್ತೆ ಅವರನ್ನು ನಾನು ನೋಡಲಿಲ್ಲ. ಅವರು ತೀರಿಕೊಂಡ ಮೇಲೆ ಅಥಣಿಯವರು ಆ ಹಾಡು ಹಾಡಿದರು, ಕೇಳಲು ಹೋದೆ. ನನ್ನ ಜಾಗ ಬಂದಾಗ ಯಾರೋ ಮುದುಕಿ ಒಬ್ಬಳೇ ಹಾಡಿದಳು. ತಾಳ ತಪ್ಪಲಿಲ್ಲ, ದನಿ ಬೆಣ್ಣೆಯಂಥದು. ಹೊಟ್ಟೆ ಉರಿಯಿತು. "ಮಾಸ್ತರ, ಈಕಿ ಬರೋಬ್ಬರಿ ಹಾಡಾಕತ್ತಾಳ್ರಿ!" ಎಂದು ದೂರು ಹೇಳೋಣವೆಂದರೆ, ಅಲ್ಲಿ ಬೇರೆ ಯಾರೋ ಕೈ ಬೀಸುತ್ತಿದ್ದರು.