ಮುಯ್ಯಾಳಿಗೂ ವೀಸಾ ಬೇಕೆ?

ನಮ್ಮ ಅವ್ವ ಹೆಣ್ಣುಮಕ್ಕಳಿಗೆ ಕೊಡುವ ಅತಿ ದೊಡ್ಡ ಬಿರುದು ‘ಕೆಲಸಗಾತಿ’. ಚೆಂದ ಇದ್ದಾಳೆ, ಓದಿದ್ದಾಳೆ, ದೊಡ್ಡ ಮನೆಯವಳು ಎಂಬುದೆಲ್ಲ ಅವಳಿಗೆ ಲೆಕ್ಕಕ್ಕಿಲ್ಲ. “ಕೆಲ್ಸಗಾತಿ ಕಣಾ ಅವ್ಳು” ಎಂದಳೆಂದರೆ ಮುಗಿಯಿತು, ಸರ್ಟಿಫಿಕೇಟಿಗೆ ಸೀಲು ಬಿದ್ದ ಹಾಗೆ. ನನ್ನ ಹೆಂಡತಿಗೆ ಆ ಬಿರುದು ಸಿಗಲು ಮದುವೆಯಾಗಿ ಹನ್ನೊಂದು ವರ್ಷ ಬೇಕಾಯಿತು. ನಮ್ಮ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದ ಆಫ್ಘಾನಿಸ್ತಾನದ ಹುಡುಗಿಗೆ, ಅಡಿಕೆ ಸುಲಿಯಲು ಕೂತ ಮೇಲೆ, ಹನ್ನೊಂದು ದಿನವೂ ಬೇಕಾಗಲಿಲ್ಲ. ಆದರೆ ಆ ಬಿರುದೇ ಅವಳನ್ನು ಈ ದೇಶದಿಂದ ಹೊರಗೆ ಹಾಕಿಸುವ ಮಟ್ಟಕ್ಕೆ ಬಂದುಬಿಟ್ಟಿತ್ತು.

ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಪೇಟೆಯ ಅಂಚಿನಲ್ಲಿ ಮನೆ, ಹಿಂದೆ ಒಂದು ಎಕರೆಗೂ ಕಡಿಮೆ ತೋಟ. ಮಾಳಿಗೆ ಖಾಲಿ ಇದೆಯೆಂದು ತಿಳಿದು ಈ ಹುಡುಗಿ ಬಂದಳು. ಬಿಎಸ್ಸಿ ಓದಲು ಭಾರತಕ್ಕೆ ಬಂದಾಗ ಅವಳ ಊರು ಒಂದು ರೀತಿ ಇತ್ತಂತೆ. ಆ ಓದು ಮುಗಿಯುವುದರೊಳಗೆ ಅಲ್ಲಿ ಸರ್ಕಾರ ಬದಲಾಗಿ ಹೆಣ್ಣುಮಕ್ಕಳ ಕಾಲೇಜು ಮುಚ್ಚಿತು, ಹೆಂಗಸರ ನೌಕರಿಯೂ ಹೋಯಿತು. ಹಾಗಾಗಿ ಇಲ್ಲೇ ತೋಟಗಾರಿಕೆಯಲ್ಲಿ ಎಂಎಸ್ಸಿಗೆ ಸೇರಿದ್ದಳು. ಅಡಿಕೆಯ ಎಲೆಚುಕ್ಕಿ ರೋಗ ಅವಳ ಪ್ರಬಂಧದ ವಿಷಯ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ತೋಟದವರ ನಿದ್ದೆ ಕೆಡಿಸಿದ ರೋಗವನ್ನು ನೋಡಲು ಅಡಿಕೆಯನ್ನೇ ಕಾಣದ ನಾಡಿನ ಹುಡುಗಿ ಬಂದಿದ್ದಾಳಲ್ಲ ಎಂದು ನನಗೆ ಒಂದು ಥರಾ ಅನ್ನಿಸಿತು.

ಪರದೇಶದವರು ಮನೆಯಲ್ಲಿ ಉಳಿದರೆ ಮನೆ ಮಾಲೀಕ ಆನ್‌ಲೈನಿನಲ್ಲಿ ಒಂದು ಫಾರಂ ತುಂಬಬೇಕು. ಮೂವತ್ತು ವರ್ಷ ಫಾರಂ ತುಂಬಿಯೇ ಬದುಕಿದವನಾದ್ದರಿಂದ ನನಗೆ ಅದೇನೂ ಕಷ್ಟವೆನಿಸಲಿಲ್ಲ. ಕಷ್ಟವಾಗಿದ್ದು ಅವ್ವನ ಪ್ರಶ್ನೆಗಳು.

“ನಿಮ್ಮೂರಲ್ಲಿ ಎಂತ ಬೆಳಿತೀರಿ ಮಗಾ?”

ನಾನು ಇಂಗ್ಲಿಷಿಗೆ ತಿರುಗಿಸಿದೆ. ದ್ರಾಕ್ಷಿ, ದಾಳಿಂಬೆ, ಬಾದಾಮಿ ಎಂದಳು ಹುಡುಗಿ.

“ಅಷ್ಟೆಲ್ಲ ಬಿಟ್ಟು ಈ ಅಡಿಕೆ ಸಿಪ್ಪೆ ನೋಡಕ್ಕೆ ಬಂತಾ ಇದು? ಪಾಪ!”

ಆ ‘ಪಾಪ’ದಿಂದ ಶುರುವಾದ ಸ್ನೇಹ. ಆರು ತಿಂಗಳಲ್ಲಿ ಹುಡುಗಿ ಕನ್ನಡ ಕಲಿತಳು. ಕಲಿಸಿದವಳು ಅವ್ವನೇ ಆದ್ದರಿಂದ, ಅವಳು ಮಾತಾಡಿದರೆ ಇಪ್ಪತ್ತಾರರ ಹುಡುಗಿಯ ಬಾಯಿಂದ ಎಂಬತ್ತರ ಮುದುಕಿ ಮಾತಾಡಿದ ಹಾಗೆ ಕೇಳುತ್ತಿತ್ತು. ಕೈಯಿಂದ ಮೊಬೈಲ್ ಜಾರಿದರೆ “ಥೋ, ಹಾಳಾದ್ದು” ಎನ್ನುವಳು. ಬಸ್ಸಿನ ಕಂಡಕ್ಟರ್‌ಗೆ “ಚಿಲ್ರೆ ಕೊಡ ತಮ್ಮಾ” ಎಂದು ಇಡೀ ಬಸ್ಸನ್ನು ನಗಿಸಿದ್ದಳಂತೆ.

ಅಡಿಕೆ ಕೊಯ್ಲು ಬಂತೆಂದರೆ ನಮ್ಮ ಕೇರಿಯ ನಾಲ್ಕು ಮನೆಯವರು ಇವತ್ತಿಗೂ ಮುಯ್ಯಾಳು ಮಾಡುತ್ತೇವೆ. ಇವತ್ತು ಅವರೆಲ್ಲ ನಮ್ಮ ಮನೆಯಲ್ಲಿ ಕೂತು ಅಡಿಕೆ ಸುಲಿದರೆ ನಾಳೆ ನಾವು ಅವರ ಮನೆಗೆ. ಕೂಲಿಯಿಲ್ಲ, ಊಟ ಮಾತ್ರ. ಮೊದಲ ದಿನ ಹುಡುಗಿ ಸುಮ್ಮನೆ ನೋಡುತ್ತ ನಿಂತಿದ್ದಳು. ಎರಡನೆಯ ದಿನ ಮೆಟ್ಟುಗತ್ತಿಯ ಹಲಗೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೂತು, ಬೆರಳು ಕೊಯ್ದುಕೊಂಡಳು. ವಾರ ಕಳೆಯುವುದರೊಳಗೆ ಪಕ್ಕದ ಮನೆಯವಳಿಗೆ ಸಮನಾಗಿ ಸುಲಿಯತೊಡಗಿದಳು. ಅವ್ವನ ಬಾಯಿಂದ ಬಿರುದು ಹೊರಟಿದ್ದು ಆಗಲೇ.

ಎಂಎಸ್ಸಿ ಮುಗಿಯಿತು. ಮಗಳು ಓದು ಮುಗಿಸಿದರೆ ಮನೆಯಲ್ಲಿ ಸಿಹಿ ಮಾಡುತ್ತಾರೆ. ಇವಳಿಗೆ ಮಾತ್ರ ಓದು ಮುಗಿದದ್ದೇ ಸಂಕಟವಾಯಿತು. ವಿದ್ಯಾರ್ಥಿ ವೀಸಾ ಓದು ಇರುವವರೆಗೆ ಮಾತ್ರ. ಮುಂದೇನು ಎಂದು ನಾನೂ ಅವಳೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಷ್ಟೋ ಮಧ್ಯಾಹ್ನ ಹುಡುಕಿದೆವು. ಕೆಲಸಕ್ಕೇನೂ ಬರವಿರಲಿಲ್ಲ. ತೀರ್ಥಹಳ್ಳಿ ಕಡೆಯ ನರ್ಸರಿಯವರೊಬ್ಬರು ಅವಳ ಪ್ರಬಂಧದ ಕೆಲಸ ಕಣ್ಣಾರೆ ಕಂಡವರು, “ನಾಳೆನೇ ಬಂದು ಸೇರ್ಕಳಮ್ಮ, ನಮ್ಮನೇಲೇ ಇದ್ರಾಯ್ತು” ಎಂದಿದ್ದರು. ಆದರೆ ವಿದ್ಯಾರ್ಥಿ ವೀಸಾವನ್ನು ಇಲ್ಲೇ ಕೂತು ಕೆಲಸದ ವೀಸಾ ಮಾಡಿಕೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ. ತನ್ನ ದೇಶಕ್ಕೆ ಹೋಗಿ ಅಲ್ಲಿಂದ ಅರ್ಜಿ ಹಾಕಬೇಕು. ಮೇಲಾಗಿ ಸರ್ಕಾರ ಗೊತ್ತುಮಾಡಿದಷ್ಟು ಸಂಬಳ ಇರಬೇಕು. ಆ ಸಂಬಳ ಕೊಡುವ ನರ್ಸರಿ ನಮ್ಮ ಘಟ್ಟದ ಮೇಲೆ ಎಲ್ಲಿದೆ?

ನರ್ಸರಿಯವರಿಗೆ ಇದನ್ನು ವಿವರಿಸಿದಾಗ, “ಅಷ್ಟು ಸಂಬಳ ಕೊಡೋದಾದ್ರೆ ನಾನೇ ಕೆಲ್ಸಕ್ಕೆ ಸೇರ್ತೀನಿ ಮಾರಾಯ್ರೆ, ನರ್ಸರಿ ಅವ್ಳೇ ನಡೆಸ್ಲಿ” ಎಂದು ನಕ್ಕರು.

ಉಳಿದದ್ದು ಮತ್ತೆ ಓದುವ ದಾರಿ. ಅವಳ ಗೈಡು ಓಡಾಡಿ ಪಿಎಚ್‌ಡಿಗೆ ಸೀಟು ಕೊಡಿಸಿದರು. ಸೀಟಿನ ಪತ್ರ ಹಚ್ಚಿ ವೀಸಾ ಮುಂದುವರಿಸಲು ಅರ್ಜಿ ಹಾಕಿದೆವು. ಇನ್ನು ಬೇಕಾಗಿದ್ದು ಒಂದೇ: ಈ ಹುಡುಗಿ ಇಲ್ಲಿ ವಾಸವಿರುವುದು ನಿಜ, ವಿದ್ಯಾರ್ಥಿನಿಯಾಗಿ ಇದ್ದಾಳೆ, ನಡತೆ ಸರಿಯಿದೆ ಎಂದು ಪೊಲೀಸ್ ಠಾಣೆಯಿಂದ ವರದಿ.

ಕಾನ್ಸ್‌ಟೇಬಲ್ ಬಂದದ್ದು ಸರಿಯಾಗಿ ಸುಲಿತದ ದಿನ. ಹುಡುಗಿ ಗೈಡನ್ನು ಕಾಣಲು ಕಾಲೇಜಿಗೆ ಹೋಗಿದ್ದಳು. ಅವ್ವ ಅಂಗಳದಲ್ಲಿ ಸುಲಿಯುತ್ತ ಕೂತಿದ್ದಳು. ಬಾಡಿಗೆ ಕರಾರಿನ ಜೆರಾಕ್ಸ್ ಕೊಡಿ ಎಂದರೆಂದು ನಾನು ಒಳಗೆ ಹೋಗಿ ಕಪಾಟು ತಡಕುತ್ತಿದ್ದೆ. ಕಿಟಕಿಯಿಂದ ಮಾತು ಕೇಳಿಸುತ್ತಿತ್ತು.

“ಹುಡ್ಗಿ ಹೆಂಗಜ್ಜಿ?”

“ಹೆಂಗಂದ್ರೆ? ಭಾರಿ ಕೆಲ್ಸಗಾತಿ ಕಣ್ರಿ. ನೋಡಿ, ಆ ಬುಟ್ಟಿ ಪೂರಾ ನಿನ್ನೆ ಅವ್ಳೇ ಸುಲ್ದಿದ್ದು.”

“ಹೌದಾ! ದಿನಾ ಕೆಲ್ಸ ಮಾಡ್ತಾಳಾ?”

“ದಿನಾ. ಕಾಲೇಜಿಂದ ಬಂದವ್ಳೇ ಕೂತ್ಲು ಅಂದ್ರೆ ಏಳದಿಲ್ಲ. ನಮ್ಮನೇಲಿ ಮಾತ್ರ ಅಲ್ಲ, ಆಚೆಮನೆ, ಈಚೆಮನೆ, ಕರೆದೋರ ಮನೆಗೆಲ್ಲ ಹೋಗ್ತಾಳೆ.”

ನನ್ನ ಕೈ ಕಪಾಟಿನಲ್ಲೇ ನಿಂತಿತು.

“ಮತ್ತೆ ಅವ್ಳಿಗೆ ಎಂತ ಕೊಡ್ತೀರಿ?”

“ಅಷ್ಟು ದುಡ್ಯ ಹುಡ್ಗಿಗೆ ಕೊಡದೆ ಇರಕ್ಕಾಗ್ತದಾ? ಊಟ, ತಿಂಡಿ. ಹೋದ್ವರ್ಷ ಸುಲಿತ ಮುಗ್ದಾಗ ಒಂದು ಸೀರೆನೂ ಕೊಟ್ವಿ. ಒಳ್ಳೇದೇ ಕೊಟ್ವಿ, ಸುಳ್ಳಲ್ಲ.”

ಅವ್ವನ ಒಂದೊಂದು ಹೊಗಳಿಕೆಯೂ ಆ ಹುಡುಗಿಯನ್ನು ಒಂದೊಂದು ಹೆಜ್ಜೆ ಗಡಿಯ ಕಡೆಗೆ ತಳ್ಳುತ್ತಿತ್ತು. ನಾನು ಹೊರಗೆ ಓಡಿ ಬರುವುದರೊಳಗೆ ಕಾನ್ಸ್‌ಟೇಬಲ್ ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಅದು ಹಾಗಲ್ಲ, ಹೀಗೆ ಎಂದು ತೊದಲಿದೆ.

“ನಾನು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದನ್ನ ಬರ್ಕಂಡಿದೀನಿ ಸರ್. ಸ್ಟೂಡೆಂಟ್ ವೀಸಾದಲ್ಲಿ ಕೆಲ್ಸ ಮಾಡಂಗಿಲ್ಲ ಅಂತ ನಿಮಗೂ ಗೊತ್ತಲ್ಲ. ನಾಳೆ ಸ್ಟೇಷನ್ನಿಗೆ ಬಂದು ಸಾಹೇಬ್ರ ಹತ್ರ ಮಾತಾಡಿ.” ಅವರ ದನಿಯಲ್ಲಿ ಗಡಸೇನೂ ಇರಲಿಲ್ಲ. ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು.

“ಒಳ್ಳೆ ಮನ್ಷ. ನಾನು ನಮ್ಮ ಹುಡ್ಗಿ ಬಗ್ಗೆ ಚೆನ್ನಾಗಿ ಹೇಳಿ ಕಳಿಸ್ದೆ” ಎಂದಳು ಅವ್ವ.

ಅವಳಿಗೆ ತಿಳಿಸಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು.

“ಕೆಲ್ಸ ಮಾಡ್ತಾಳೆ ಅನ್ನದು ತಪ್ಪಾ? ಕದೀತಾಳೆ ಅಂದ್ನಾ ನಾನು?”

“ಓದಕ್ಕೆ ಅಂತ ಬಂದೋರು ದುಡೀಬಾರ್ದು ಅವ್ವಾ. ಅದು ಕಾನೂನು.”

“ಯಾವನು ಮಾಡಿದ ಕಾನೂನೋ ಅದು? ಸುಮ್ನೆ ಕೂತು ತಿನ್ನೋರು ಇರ್ಬೋದು, ಕೈ ಆಡ್ಸೋರು ಹೊರಗೆ ಹೋಗ್ಬೇಕು!” ಎಂದು ಸಿಡುಕಿದಳು. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ, “ಈಗ ಕಳ್ಸಿಬಿಡ್ತಾರಾ?” ಎಂದು ಕೇಳಿದಳು.

ಸಂಜೆ ಹುಡುಗಿ ಬಂದಾಗ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರನ್ನು ಕಳಚಿದಳು, ಮತ್ತೆ ಹಾಕಿದಳು, ಮತ್ತೆ ಕಳಚಿದಳು. ಆಮೇಲೆ ಎದ್ದುಹೋಗಿ ಅವ್ವನ ಪಕ್ಕ ಕೂತು, “ಅಜ್ಜಿ, ಊಟ ಮಾಡ್ಲಿಲ್ಲಂತೆ? ಎಂತ ಕತೆ ನಿಮ್ದು?” ಎಂದಳು. ಅವ್ವನಿಗೆ ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಶರ್ಟು ಹಾಕುವುದರೊಳಗೆ ಅವ್ವ ಮದುವೆಮನೆಗೆ ಉಡುವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಬರಬೇಡ ಎಂದರೆ ಕೇಳುವ ಜನ ಅಲ್ಲ. ಹುಡುಗಿಯೂ ಸೇರಿ ಮೂವರೂ ಆಟೋ ಮಾಡಿಕೊಂಡು ಠಾಣೆಗೆ ಹೋದೆವು.

ಅಧಿಕಾರಿ ನಲವತ್ತರ ಆಸುಪಾಸಿನವರು. ಮಾತಿನ ಧಾಟಿಯಲ್ಲೇ ಹೊಸನಗರದ ಕಡೆಯವರೆಂದು ಗೊತ್ತಾಯಿತು. ನಾನು ಗುಮಾಸ್ತನ ಕನ್ನಡದಲ್ಲಿ ‘ಸದರಿ ವಿದ್ಯಾರ್ಥಿನಿಯು’ ಎಂದು ಶುರುಮಾಡಿದ್ದೆನಷ್ಟೆ, ಅವ್ವ ನನ್ನ ಮಾತು ಕಡಿದಳು.

“ಸ್ವಾಮಿ, ನಾನು ಮುದ್ಕಿ, ಮಾತು ತಪ್ಪಿ ಆಡ್ದೆ. ಅದು ಕೆಲ್ಸ ಅಲ್ಲ. ಮುಯ್ಯಾಳು.”

ಅಧಿಕಾರಿ ತಲೆಯೆತ್ತಿದರು. “ಮುಯ್ಯಾಳು ಅಂದ್ರೆ ನಂಗೊತ್ತಜ್ಜಿ. ನಮ್ಮನೇಲೂ ಇತ್ತು. ಆದ್ರೆ ಮುಯ್ಯಾಳು ಅಂದ್ಮೇಲೆ ಅವ್ಳು ನಿಮ್ಮಲ್ಲಿಗೆ ಬಂದಂಗೆ ನೀವೂ ಅವ್ಳ ಕೆಲ್ಸಕ್ಕೆ ಹೋಗಿರ್ಬೇಕಲ್ಲ? ಅವ್ಳಿಗೆ ಇಲ್ಲಿ ಯಾವ ತೋಟ ಇದೆ, ಯಾವ ಗದ್ದೆ ಇದೆ?”

ಒಳ್ಳೆಯ ವಕೀಲರು ಕೇಳುವಂಥ ಪ್ರಶ್ನೆ. ನಾನು ಕೈಯಲ್ಲಿದ್ದ ಕಾಗದ ತಿರುವತೊಡಗಿದೆ. ಅವ್ವ ತಡಮಾಡಲಿಲ್ಲ.

“ಹೋಗಿದ್ವಲ್ಲ! ಇವ್ಳಿಗೆ ಹೊಸನಗ್ರದ ಹತ್ರ ಒಂದು ತೋಟದಲ್ಲಿ ಎಲೆ ಚುಕ್ಕಿ ಎಣಿಸೋ ಕೆಲ್ಸ ಇತ್ತು. ಒಬ್ಳೇ ಎಷ್ಟೂಂತ ಎಣಿಸ್ತಾಳೆ? ನಮ್ಮ ಕೇರಿಯಿಂದ ನಾಲ್ಕು ಹೆಂಗಸ್ರು ಬುತ್ತಿ ಕಟ್ಕಂಡು ಬಸ್ಸಲ್ಲಿ ಹೋದ್ವಿ. ಮೂರು ದಿನ. ನಾವು ಎಣಿಸಿ ಎಣಿಸಿ ಹೇಳದು, ಅವ್ಳು ಬರ್ಕಳದು. ಮೂರನೇ ದಿನ ನಂಗೆ ಅನ್ನದಲ್ಲೂ ಚುಕ್ಕಿ ಕಾಣ್ತಿತ್ತು.”

ನಿಜ. ನಾನೇ ಅವರನ್ನು ಬಸ್ಸು ಹತ್ತಿಸಿ ಬಂದವನು, ಆದರೂ ಅದನ್ನು ಇದಕ್ಕೆ ಜೋಡಿಸಿ ನೋಡಿರಲಿಲ್ಲ. ಹೆಂಗಸರು ಮಾತ್ರ ಅದನ್ನು ಮುಯ್ಯಿ ಎಂದೇ ತಿಳಿದು ಹೋಗಿಬಂದಿದ್ದರು.

ಆಗ ಹುಡುಗಿ ಬಾಯಿಬಿಟ್ಟಳು. “ಸರ್, ನಮ್ಮೂರಲ್ಲೂ ಇದೆ. ಹಶರ್ ಅಂತೀವಿ. ಗೋಧಿ ಕೊಯ್ಲಿಗೆ, ನೀರಿನ ಕಾಲುವೆ ತೆಗೀಲಿಕ್ಕೆ ಎಲ್ಲಾ ಮನೆಯವ್ರು ಬರ್ತಾರೆ. ನಾನು ಚಿಕ್ಕೋಳಿದ್ದಾಗ ನೀರು ಕೊಡಕ್ಕೆ ಹೋಗ್ತಿದ್ದೆ. ಇಲ್ಲಿ ಅಜ್ಜಿ ಕರೆದಾಗ ಅದೇ ಇದು ಅಂತ ಹೋಗಿ ಕೂತ್ಕಂಡೆ. ಕೆಲ್ಸ ಅಂತ ನಂಗೆ ಅನ್ನಿಸ್ಲೇ ಇಲ್ಲ.”

ಅಧಿಕಾರಿ ಅವಳ ಕನ್ನಡ ಕೇಳಿ ಬೆರಗಾದರೋ, ಮಾತಿಗೆ ಸೋತರೋ ತಿಳಿಯದು. ಕಾನ್ಸ್‌ಟೇಬಲ್ ಬರೆದ ಕಾಗದವನ್ನು ಮತ್ತೊಮ್ಮೆ ಓದಿದರು.

“ಈ ಸೀರೆ?”

“ಮನೆಲಿದ್ದ ಹೆಣ್ಣುಮಗ್ಳಿಗೆ ಒಂದು ಸೀರೆ ಕೊಡದು ಸಂಬ್ಳನಾ? ನಿಮ್ಮನೇಲಿ ತಂಗಿ ಬಂದ್ರೆ ಬರಿಗೈಲಿ ಕಳಿಸ್ತೀರಾ?”

“ಕಳಿಸಿದ್ರೆ ನನ್ ತಂಗಿ ಬಿಡ್ತಾಳಾ!” ಎಂದು ಅವರು ನಕ್ಕುಬಿಟ್ಟರು. ಆದರೂ ಹೊಸ ಹೇಳಿಕೆ ಬರೆಸದೆ ಬಿಡಲಿಲ್ಲ. ನಾಲ್ಕೂ ಮನೆಯವರ ಸಹಿ ತರಿಸಿದರು, ಹುಡುಗಿಯ ಗೈಡಿಗೆ ಫೋನು ಮಾಡಿ ಚುಕ್ಕಿ ಎಣಿಸಿದ ಸಂಗತಿ ವಿಚಾರಿಸಿದರು. ಮುಯ್ಯಾಳು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಅವರೂ ನಾನೂ ಬಹಳ ಹೊತ್ತು ತಲೆ ಕೆರೆದುಕೊಂಡೆವು. ‘ಸಹಾಯ’ ಎಂದರೆ ಸಾಲದು, ‘ದುಡಿಮೆ’ ಎಂದರೆ ಕೆಟ್ಟಿತು. ಕೊನೆಗೆ, ನೆರೆಹೊರೆಯವರು ಸಂಬಳವಿಲ್ಲದೆ ಒಬ್ಬರಿಗೊಬ್ಬರು ಒದಗುವ ಊರ ಪದ್ಧತಿ ಎಂದು ಎರಡು ಸಾಲು ಹಿಡಿಯುವ ಒಂದು ವಾಕ್ಯ ಹೊಸೆದೆವು.

ಏಳುವಾಗ ಅಧಿಕಾರಿ ಅವ್ವನಿಗೆ ಹೇಳಿದರು: “ಅಜ್ಜಿ, ಇನ್ನೊಂದ್ಸಲ ಯಾರಾದ್ರೂ ಯೂನಿಫಾರ್ಮಿನೋರು ಕೇಳಿದ್ರೆ, ಹುಡ್ಗಿ ಮಹಾ ಸೋಂಬೇರಿ, ಕಡ್ಡಿ ಎತ್ತಿ ಈಚೆ ಹಾಕಲ್ಲ ಅನ್ನಿ.”

“ಅಷ್ಟು ದೊಡ್ಡ ಸುಳ್ಳು ನನ್ ಕೈಲಿ ಆಗದಿಲ್ಲ” ಎಂದಳು ಅವ್ವ.

ವರದಿ ಹೋಯಿತು. ಉತ್ತರ ಬರಲಿಲ್ಲ. ಹಳೆಯ ವೀಸಾದ ಕೊನೆಯ ತಾರೀಖು ಹತ್ತಿರವಾಗುತ್ತ ಬಂತು. ಹುಡುಗಿ ಪುಸ್ತಕಗಳನ್ನು ಎರಡು ಪೆಟ್ಟಿಗೆಗೆ ತುಂಬಿದಳು, ಹಗ್ಗ ಕಟ್ಟಲಿಲ್ಲ. ಕಾಲೇಜಿನಲ್ಲಿ ಪಿಎಚ್‌ಡಿ ಸೀಟನ್ನು ಇನ್ನು ಕೆಲವೇ ದಿನ ಹಿಡಿದಿಡಬಹುದು ಎಂದಿದ್ದರು. ಅವಳ ಮೊಬೈಲ್ ಟಿಣ್ ಎಂದರೆ ಸಾಕು, ಎಲ್ಲರ ಕತ್ತೂ ತಿರುಗುತ್ತಿತ್ತು.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇಮೇಲ್ ಬಂತು. ಓದಿದಳು. ನಂಬಿಕೆಯಾಗದೆ ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ನಾನು ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಿದೆ. ಒಂದು ವರ್ಷಕ್ಕೆ ಮುಂದುವರಿಸಿದ್ದರು.

“ಒಂದೇ ವರ್ಷನಾ?” ಅವ್ವನ ಮುಖ ಬಾಡಿತು. “ಅಷ್ಟು ಓಡಾಡಿದ್ದಕ್ಕೆ ಒಂದು ವರ್ಷ ಕೊಡದು ಎಂತ ಕೊಡದು?”

“ಅಜ್ಜಿ, ನನ್ನ ತಂಗಿ ಓದು ಆರನೇ ಕ್ಲಾಸಿಗೇ ನಿಂತೋಯ್ತು” ಎಂದಳು ಹುಡುಗಿ. “ಅವ್ಳಿಗೆ ಒಂದು ದಿನನೂ ಕೊಡ್ಲಿಲ್ಲ. ಒಂದು ವರ್ಷ ಅಂದ್ರೆ ಭಾಳ ಅಜ್ಜಿ.”

ಎರಡು ವರ್ಷದಲ್ಲಿ ಅವಳು ತಂಗಿಯ ಮಾತು ಎತ್ತಿದ್ದು ಅದೇ ಮೊದಲು. ಅವ್ವ ತನ್ನ ತಟ್ಟೆಯ ದೋಸೆಯನ್ನು ಅವಳ ತಟ್ಟೆಗೆ ಹಾಕಿದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಪಿಎಚ್‌ಡಿ ಮುಗಿದ ಮೇಲೆ ಕೆಲಸದ ವೀಸಾಕ್ಕೆ ಅದೇ ಹಳೆಯ ನಿಯಮ ಎದುರಿಗೆ ನಿಂತಿರುತ್ತದೆ ಎಂದು ನಾನು ಹೇಳಲು ಹೊರಟಿದ್ದೆ. ಹುಡುಗಿಗೆ ಅದು ಗೊತ್ತಿಲ್ಲದ್ದೇನಲ್ಲ.

“ಇವತ್ತೇ ಹೋಗಿ ಅಡ್ಮಿಷನ್ ಮಾಡಿಸ್ಬೇಕು, ಬಸ್ಸಿಗೆ ಹೊತ್ತಾಯ್ತು” ಎಂದು ಅವಳು ಅರ್ಧ ತಿಂದ ದೋಸೆ ಬಿಟ್ಟು ಎದ್ದಳು. ನಾನು ಗೇಟಿನವರೆಗೆ ಹೋದೆ. ಬಸ್ಸು ಆಗಲೇ ಹೊರಟುಬಿಟ್ಟಿತ್ತು. ಅವಳು ಬ್ಯಾಗನ್ನು ಎದೆಗವಚಿಕೊಂಡು, ಒಂದು ಕೈ ಮೇಲೆತ್ತಿ, “ಹೋಯ್, ನಿಲ್ಸ ತಮ್ಮಾ!” ಎಂದು ಕೂಗುತ್ತ ಅದರ ಹಿಂದೆ ಓಡಿದಳು. ಬಸ್ಸು ಸ್ವಲ್ಪ ಮುಂದೆ ಹೋಗಿ ನಿಂತಿತು.